ಖಾಲಿ ಕಾಲಂ ಕಂಡರಾಗದ ಪುಟ್ಟಮಾದಯ್ಯನವರು

ಪುಟ್ಟಮಾದಯ್ಯನವರಿಗೆ ಖಾಲಿ ಬಿಟ್ಟ ಕಾಲಂ ಕಂಡರೆ ಮೈಮೇಲೆ ಇರುವೆ ಹರಿದ ಹಾಗಾಗುತ್ತಿತ್ತು. ಬ್ಯಾಂಕಿನ ಚೀಟಿಯಿರಲಿ, ಆಸ್ಪತ್ರೆಯ ಕಾಗದವಿರಲಿ, ಮೊಮ್ಮಗಳ ಪ್ರೋಗ್ರೆಸ್ ಕಾರ್ಡಿರಲಿ, ಗೆರೆ ಎಳೆದು ಮುಂದೆ ಏನೂ ಬರೆಯದೆ ಬಿಟ್ಟಿದ್ದರೆ ಜೇಬಿನಿಂದ ಪೆನ್ನು ತೆಗೆದು 'ಇಲ್ಲ' ಎಂದು ಬರೆದೇ ಮುಂದಕ್ಕೆ ಹೋಗುವವರು. ಒಮ್ಮೆ ಯಾವುದೋ ಅರ್ಜಿಯಲ್ಲಿ 'ಗಂಡನ ಹೆಸರು' ಎಂಬಲ್ಲಿಯೂ 'ಇಲ್ಲ' ಎಂದು ಬರೆದುಬಿಟ್ಟಿದ್ದರು. ಅರ್ಜಿ ತೆಗೆದುಕೊಳ್ಳುವ ಹುಡುಗಿ ಕಿಸಕ್ಕನೆ ನಕ್ಕಳು. ಇವರು ನಗಲಿಲ್ಲ. "ಯಾಕವ್ವ ನಗ್ತೀಯ? ಸುಳ್ಳಾ? ನಂಗೆ ಗಂಡ ಅವ್ನಾ?" ಎಂದು ಕೇಳಿ, ಅವಳು ಸೀಲು ಒತ್ತುವ ತನಕ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.

ಆಳು ಉದ್ದ, ಒಣಕಲು. ಬಿಳಿ ಅಂಗಿ, ಕಂಕುಳಲ್ಲಿ ಛತ್ರಿ, ಛತ್ರಿಯ ಮಡಿಕೆಯೊಳಗೆ ತೂರಿಸಿಟ್ಟ ಒಂದು ರೂಲುದೊಣ್ಣೆ. ಹಿಂದೆ ಕಚೇರಿಗಳಲ್ಲಿ ರಿಜಿಸ್ಟರಿಗೆ ಗೆರೆ ಹೊಡೆಯಲು ಗುಂಡನೆಯ ಮರದ ದೊಣ್ಣೆ ಇರುತ್ತಿತ್ತಲ್ಲ, ಅದು. ನಿವೃತ್ತರಾದ ಮೇಲೂ ಅದನ್ನು ಬಿಟ್ಟವರಲ್ಲ. ಇನ್ನು ಕೂರುವುದಂತೂ ಅವರ ಜಾಯಮಾನದಲ್ಲೇ ಇರಲಿಲ್ಲ. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುವರು, ನಿಂತಲ್ಲೇ ಕಾಲು ಬದಲಿಸುವರು, ಎರಡು ನಿಮಿಷಕ್ಕೊಮ್ಮೆ ಬಾಗಿಲಿಗೆ ಹೋಗಿ ಬೀದಿ ನೋಡಿಕೊಂಡು ಬರುವರು. "ಕೂತ್ರೆ ತಲೆ ಓಡಲ್ಲ ಕಣವ್ವ" ಎನ್ನುವುದು ಅವರ ಸಮಜಾಯಿಷಿ. ಅರ್ಧ ಗಂಟೆ ಅವರ ಜೊತೆಗಿದ್ದರೆ ನನಗೂ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಸಮಾಧಾನವಾಗಿದ್ದಾಗ ಅವರದು ಕಚೇರಿಯ ಕನ್ನಡ. ರೇಗಿದರೆ ಊರ ಕನ್ನಡ. 'ಹೇಳು' ಹೋಗಿ 'ಏಳು' ಬಂತೆಂದರೆ ಎದುರಿಗಿದ್ದವರು ಹುಷಾರಾಗಬೇಕು.

ನಾನು ಅವರನ್ನು ಮೊದಲು ಕಂಡದ್ದು ತೊಂಬತ್ತರ ದಶಕದಲ್ಲಿ, ಟಿ. ನರಸೀಪುರದಲ್ಲಿ. ತಾಲೂಕು ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ನಾನು ಜನರ ಅರ್ಜಿ ಟೈಪು ಮಾಡಿಕೊಡುತ್ತಿದ್ದೆ. ಅವರು ಒಳಗೆ ಶಿರಸ್ತೇದಾರರು. ಅಂದರೆ ಬಂದ ಕಾಗದವೆಲ್ಲ ತಹಸೀಲ್ದಾರರ ಮೇಜು ಕಾಣುವ ಮೊದಲು ಇವರ ಕಣ್ಣಿಗೆ ಬೀಳಬೇಕು. ಒಂದು ದಿನ ಬನ್ನೂರು ಕಡೆಯ ಹೆಂಗಸೊಬ್ಬಳಿಗೆ ನಿವೇಶನದ ಅರ್ಜಿ ಟೈಪು ಮಾಡಿಕೊಟ್ಟಿದ್ದೆ. ಐದು ನಿಮಿಷವಾಗಿತ್ತೋ ಇಲ್ಲವೋ, ಈ ಉದ್ದನೆಯ ಮನುಷ್ಯ ಆ ಕಾಗದ ಹಿಡಿದು, ಹಿಂದೆ ಆ ಹೆಂಗಸನ್ನೂ ಕರೆದುಕೊಂಡು, ದಾಪುಗಾಲು ಹಾಕುತ್ತ ಮೆಟ್ಟಿಲಿಳಿದು ಬಂದರು.

"ಇದನ್ನ ಟೈಪ್ ಮಾಡಿದ್ದು ನೀನೇಯೇನಮ್ಮ?"

"ಹೌದು ಸಾರ್."

"'ಈಗ ಇರುವ ಸ್ವಂತ ಮನೆ' ಅಂತ ಇದೆ. ಮುಂದೆ ಖಾಲಿ ಬಿಟ್ಟಿದ್ದೀಯ."

"ಆಯಮ್ಮನಿಗೆ ಮನೆ ಇಲ್ಲ ಸಾರ್. ಅದಕ್ಕೇ ಬಿಟ್ಟೆ."

"ಇಲ್ಲ ಅಂತ ನಿಂಗೆ ಗೊತ್ತು. ಆಯಮ್ಮಂಗೆ ಗೊತ್ತು. ಈ ಕಾಗದಕ್ಕೆ ಗೊತ್ತಾ?"

ನನಗಾಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. "ಓದೋರಿಗೆ ಅಷ್ಟೂ ತಿಳಿಯಲ್ವಾ ಸಾರ್?" ಎಂದುಬಿಟ್ಟೆ. ಸುತ್ತ ನಿಂತವರು ಇವಳ ಕಥೆ ಮುಗಿಯಿತು ಎಂಬಂತೆ ನೋಡಿದರು. ಅವರು ಮಾತ್ರ ಟೈಪ್‌ರೈಟರಿನ ಮೇಲೆ ಬಗ್ಗಿ, ಮಗ್ಗಿ ಕಲಿಸುವವರ ಹಾಗೆ ನಿಧಾನವಾಗಿ ಹೇಳಿದರು: "ನೋಡವ್ವ, ಖಾಲಿ ಬಿಟ್ರೆ ಬರೆಯೋಳು ಮರ್ತವ್ಳೆ ಅಂತ ಪಕ್ಕಕ್ಕಿಡ್ತಾರೆ. ಇಲ್ಲ ಅಂತ ಬರುದ್ರೆ, ಯಾಕಿಲ್ಲ ಅಂತ ಯಾವನಾದ್ರೂ ಉತ್ತರ ಕೊಡ್ಬೇಕಾಯ್ತದೆ."

ಕಾಗದ ಮತ್ತೆ ಮಿಷನ್ನಿಗೆ ಹಾಕಿ 'ಇಲ್ಲ' ಎಂದು ಹೊಡೆದೆ. ಅಂದಿನಿಂದ ಅವರು ನನಗೆ ಯಾರೂ ನೇಮಿಸದ ಇನ್ಸ್‌ಪೆಕ್ಟರು. ಮಧ್ಯಾಹ್ನ ಊಟದ ಹೊತ್ತಿಗೆ ಮರದ ಕೆಳಗೆ ಬಂದು ಅಂದಿನ ಅರ್ಜಿಗಳನ್ನೆಲ್ಲ ನಿಂತುಕೊಂಡೇ ತಿರುವಿ ಹಾಕುವರು. ಕಾಲಂ ಎಂದರೇನು, ಯಾವುದು ಮೊದಲು ಬರಬೇಕು, ಯಾವ ಕಾಲಂಗೂ ಹಿಡಿಯದ ಮಾತನ್ನು ಕೊನೆಯ ಷರಾ ಕಾಲಂನಲ್ಲಿ ಹೇಗೆ ನಾಲ್ಕು ಪದಕ್ಕೆ ಇಳಿಸಬೇಕು, ಎಲ್ಲವನ್ನೂ ನಾನು ಕಲಿತದ್ದು ಅವರಿಂದ. ಯಾವ ಕಾಲೇಜೂ ನನಗೆ ಅಷ್ಟು ಕಲಿಸಲಿಲ್ಲ.

ನನ್ನ ಮದುವೆಯ ವಿಷಯಕ್ಕೂ ಅವರು ನಮೂನೆ ತಂದಿದ್ದರೆಂದರೆ ಯಾರೂ ನಂಬುವುದಿಲ್ಲ. ಸಂಬಂಧವೊಂದು ಬಂದಿತ್ತು. ಹುಡುಗನ ಬಗ್ಗೆ ವಿಚಾರಿಸಿ ಎಂದು ಅಪ್ಪ ಇವರಿಗೆ ಹೇಳಿದರು. ಇವರು ಫುಲ್‌ಸ್ಕೇಪ್ ಹಾಳೆಗೆ ರೂಲುದೊಣ್ಣೆಯಿಂದ ಗೆರೆ ಹೊಡೆದು, ವಿದ್ಯೆ, ಜಮೀನು, ಅಕ್ಕತಂಗಿಯರು, ಕಾಯಿಲೆ, ಕುಡಿತ ಎಂದೆಲ್ಲ ಬರೆದು ವರನ ಕಡೆಯವರಿಗೆ ಕಳಿಸಿಬಿಟ್ಟರು! ಅವರೋ ಬೈದುಕೊಂಡೇ ತುಂಬಿ ಕಳಿಸಿದರು. ಕುಡಿತದ ಮುಂದೆ ಮಾತ್ರ ಖಾಲಿ. "ಇಲ್ಲ ಅಂದಿಲ್ಲ ಕಣವ್ವ, ಖಾಲಿ ಬಿಟ್ಟವ್ರೆ! ಬ್ಯಾಡ, ಇದು ಬ್ಯಾಡ" ಎಂದು ಅಪ್ಪನ ಮುಂದೆ ಆ ಹಾಳೆ ಅಲ್ಲಾಡಿಸಿದರು. ಆ ವರ ಮುಂದೆ ಬೇರೆಲ್ಲೋ ಮದುವೆಯಾಗಿ, ಅರಿಶಿನ ಒಣಗುವ ಮೊದಲೇ ಕುಡಿದು ಬೇರೊಬ್ಬರ ಮನೆ ಬಾಗಿಲಲ್ಲಿ ಬಿದ್ದ ಸುದ್ದಿ ಬಂದಾಗ, ಅಮ್ಮ ಪುಟ್ಟಮಾದಯ್ಯನವರಿಗೆ ಎರಡು ಪಡಿ ಅವರೆಕಾಳು ಕೊಟ್ಟು ಕಳಿಸಿದಳು.

ನಾನು ಮದುವೆಯಾಗಿ ಬಂದದ್ದು ನಂಜನಗೂಡಿಗೆ. ಟೈಪ್‌ರೈಟರಿನ ಕಾಲ ಮುಗಿದಿತ್ತು. ಎರಡು ಸಾವಿರದ ಇಸವಿ ಕಳೆದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮಳಿಗೆಯಲ್ಲಿ ಮೂರು ಕಂಪ್ಯೂಟರ್ ಹಾಕಿ ಬ್ರೌಸಿಂಗ್ ಸೆಂಟರ್ ತೆರೆದೆ. ಪುಟ್ಟಮಾದಯ್ಯನವರೂ ಕೊನೆಯ ವರ್ಷಗಳಲ್ಲಿ ಇಲ್ಲಿಗೇ ವರ್ಗವಾಗಿ ಬಂದು, ಇಲ್ಲೇ ನಿವೃತ್ತರಾಗಿ, ಕಪಿಲಾ ನದಿಯ ಕಡೆಗೆ ಹೋಗುವ ಬೀದಿಯಲ್ಲಿ ಮನೆ ಮಾಡಿಕೊಂಡಿದ್ದರು. ಬ್ರೌಸಿಂಗ್‌ಗೆ ಬಂದುಹೋಗುವವರ ಹೆಸರು ಬರೆದಿಡಬೇಕೆಂದು ಆಗ ಕಟ್ಟುನಿಟ್ಟಿತ್ತು. ಅದಕ್ಕೊಂದು ರಿಜಿಸ್ಟರ್ ತಂದಿದ್ದೆ. ಪುಟ್ಟಮಾದಯ್ಯನವರು ಅದನ್ನು ಕಂಡದ್ದೇ ತಡ, ನನ್ನ ಕೈಯಿಂದ ಕಿತ್ತುಕೊಂಡು ಅಷ್ಟೂ ಪುಟಕ್ಕೆ ಗೆರೆ ಹೊಡೆದರು: ಹೆಸರು, ವಿಳಾಸ, ಬಂದ ವೇಳೆ, ಹೋದ ವೇಳೆ, ಸಹಿ, ಷರಾ. "ಷರಾ ಯಾಕೆ ಸಾರ್, ಬ್ರೌಸಿಂಗ್‌ಗೆ?" ಎಂದರೆ, "ಇರ್ಲಿ. ಬೇಕಾಯ್ತದೆ" ಎಂದರು. ತಾವು ಬಂದಾಗಲೆಲ್ಲ ಮೊದಲು ರಿಜಿಸ್ಟರಿನಲ್ಲಿ ಬಂದ ವೇಳೆ ಬರೆದು, ಹೋಗುವಾಗ ಹೋದ ವೇಳೆ ಬರೆದು, ಸಹಿ ಮಾಡಿ, ಷರಾದಲ್ಲಿ 'ಇಲ್ಲ' ಎಂದು ಬರೆಯುವರು. ಬೇರೆ ಗಿರಾಕಿಗಳು ಹೋದ ವೇಳೆ ಬರೆಯದೆ ಎದ್ದು ಹೋದರೆ ಬೀದಿಯ ತನಕ ಅಟ್ಟಿಸಿಕೊಂಡು ಹೋಗಿ ಕರೆತರುವರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಒಂದು ದಿನ ಸುತ್ತೂರು ಕಡೆಯ ಮೇಷ್ಟರೊಬ್ಬರು ಮಕ್ಕಳ ಪಾಠಕ್ಕೆಂದು ಬೇರೆ ಬೇರೆ ದೇಶಗಳ ಸರ್ಕಾರದ ವಿಷಯ ಬೇಕೆಂದು ಬಂದರು. ಅಂತರ್ಜಾಲದಲ್ಲಿ ಕನ್ನಡದ ವಿಶ್ವಕೋಶ ಆಗಿನ್ನೂ ಕಣ್ಣು ಬಿಡುತ್ತಿತ್ತು. ನಾನು ಅದನ್ನೇ ತೆರೆದು ತೋರಿಸಿದೆ. ಮೇಷ್ಟರು ಬೇಕಾದ್ದು ಪ್ರಿಂಟು ತೆಗೆಸಿಕೊಂಡು ಹೋದರು. ಹಿಂದೆ ನಿಂತು ನೋಡುತ್ತಿದ್ದ ಪುಟ್ಟಮಾದಯ್ಯನವರು ಹೋಗಲಿಲ್ಲ.

"ಇದನ್ನ ಬರೆದೋರು ಯಾರವ್ವ?"

"ಯಾರು ಬೇಕಾದ್ರೂ ಬರೀಬಹುದು ಸಾರ್. ನೀವೂ ಬರೀಬಹುದು."

"ಸಾಹೇಬ್ರು ಯಾರು ಇದಕ್ಕೆ?"

"ಯಾರೂ ಇಲ್ಲ."

"ಯಾರೂ ಇಲ್ದೆ ಎಂಗವ್ವ ನಡೀತದೆ?" ಅವರ ಹಕಾರ ಉದುರಿತು. ನಾನು ಹುಷಾರಾದೆ.

ಮುಂದಿನ ಒಂದು ವಾರ ಅವರು ಸರ್ಕಾರಗಳ ಪುಟ ಒಂದನ್ನೂ ಬಿಡದೆ ಓದಿದರು, ನಿಂತುಕೊಂಡೇ. ಪ್ರತಿ ಪುಟದ ಬಲಗಡೆ ಒಂದು ಚೌಕವಿರುತ್ತಿತ್ತು, ಮುಖ್ಯ ವಿವರಗಳನ್ನು ಸಾಲಾಗಿ ಕೊಡುವಂಥದ್ದು. ಒಂದು ದೇಶದ ಚೌಕದಲ್ಲಿ ಪ್ರಧಾನಿ ಮೊದಲು, ಇನ್ನೊಂದರಲ್ಲಿ ರಾಷ್ಟ್ರಗೀತೆ ಮೊದಲು. ಒಂದು ರಾಜ್ಯದಲ್ಲಿ 'ಸರ್ಕಾರ', ಪಕ್ಕದ ರಾಜ್ಯದಲ್ಲಿ ಅದೇ 'ಆಡಳಿತ', ಮೂರನೆಯದರಲ್ಲಿ 'ರಾಜಕೀಯ'. ಎಷ್ಟೋ ತಾಲೂಕಿಗೆ ಚೌಕವೇ ಇಲ್ಲ. ಸೋಮನಾಥಪುರದ ಪುಟ ತೆರೆದ ದಿನ ಅವರು ಛತ್ರಿಯನ್ನು ನೆಲಕ್ಕೆ ಕುಟ್ಟಿದರು. "ದೇವಸ್ಥಾನದ ಕಂಬ ಕಂಬ ಎಣಿಸವ್ರೆ. ಊರನ್ನ ಯಾರು ಆಳ್ತವ್ರೆ, ನೀರಿಲ್ಲ ಅಂದ್ರೆ ಯಾರ ಮನೆ ಬಾಗ್ಲು ತಟ್ಬೇಕು, ಒಂದ್ ಸಾಲೈತಾ? ಸಂತೆ ಕಣವ್ವ ಇದು, ಸಂತೆ!"

ಮಾರನೆಯ ದಿನ ಫುಲ್‌ಸ್ಕೇಪ್ ಹಾಳೆ ಬಂತು. ಅದರಲ್ಲಿ ಹನ್ನೊಂದು ಸಾಲಿನ ನಮೂನೆ. ದೇಶವಾಗಲಿ, ರಾಜ್ಯವಾಗಲಿ, ಜಿಲ್ಲೆಯಾಗಲಿ, ಗ್ರಾಮ ಪಂಚಾಯಿತಿಯಾಗಲಿ, ಎಲ್ಲಕ್ಕೂ ಅದೇ ಹನ್ನೊಂದು, ಅದೇ ಕ್ರಮ. ಯಾವ ಬಗೆಯ ಸರ್ಕಾರ, ಎಲ್ಲಿ ಕೂರುತ್ತದೆ, ಮುಖ್ಯಸ್ಥರು ಯಾರು, ಅವರನ್ನು ಆರಿಸಿದವರು ಯಾರು, ಚುನಾಯಿತ ಸಭೆ ಯಾವುದು, ಅಹವಾಲು ಯಾರಿಗೆ, ಹೀಗೆ. "ಪಂಚಾಯ್ತಿಗೂ ದೇಶಕ್ಕೂ ಒಂದೇನಾ ಸಾರ್?" ಎಂದು ನಾನು ಕುಹಕವಾಡಿದೆ. "ನಿಂಗೆ ನಲ್ಲಿ ನೀರು ಬಿಡೋನು ಪ್ರಧಾನಿಯೇನವ್ವ? ಪಂಚಾಯ್ತೀನೂ ಸರ್ಕಾರಾನೇ. ಚಿಕ್ಕದು ಅಂತ ಬೇರೆ ಪಂಕ್ತೀಲಿ ಕೂರುಸ್ಬೇಡ" ಎಂದರು. ಬೇರೆ ಪಂಕ್ತಿಯಲ್ಲಿ ಕೂರುವುದೆಂದರೇನೆಂದು ಅವರಿಗೆ ಚಿಕ್ಕಂದಿನಿಂದ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಟೈಪು ಮಾಡಿದೆ.

ಆ ವಿಶ್ವಕೋಶದಲ್ಲಿ ಪ್ರತಿ ಪುಟದ ಹಿಂದೆ ಒಂದು ಚರ್ಚೆಯ ಪುಟವಿರುತ್ತದೆ. ಬರೆಯುವವರೆಲ್ಲ ಅಲ್ಲಿ ಮಾತಾಡಿಕೊಂಡು ತೀರ್ಮಾನಕ್ಕೆ ಬರಬೇಕು. ಪುಟ್ಟಮಾದಯ್ಯನವರಿಗೆ ಅದು ಟಪಾಲು ವಿಭಾಗ. ಮೊದಲ ಪತ್ರ ಹೀಗಿತ್ತು: 'ಮಾನ್ಯರೇ, ವಿಷಯ: ಸರ್ಕಾರಗಳ ಮಾಹಿತಿಯನ್ನು ಏಕರೂಪ ನಮೂನೆಯಲ್ಲಿ ನೀಡುವ ಬಗ್ಗೆ.' ಕೊನೆಗೆ 'ತಮ್ಮ ವಿಶ್ವಾಸಿ, ಸಹಿ, ನಿವೃತ್ತ ಶಿರಸ್ತೇದಾರರು.' ದಿನಾ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮೊದಲೇ ಮಳಿಗೆಯ ಮುಂದೆ ಶತಪಥ ತಿರುಗುತ್ತಿರುವರು. "ಆದೇಶ ಬಂತೇನವ್ವ?"

"ಆದೇಶ ಅಲ್ಲ ಸಾರ್ ಅದು. ಯಾರಾದ್ರೂ ಉತ್ತರ ಬರೀತಾರೆ ಅಷ್ಟೇ."

"ಅದೇ. ಬಂತಾ?"

ಉತ್ತರ ಬರೆದವರು ತಮ್ಮನ್ನು 'ಮಲ್ಲಿಗೆ೭' ಎಂದು ಕರೆದುಕೊಂಡಿದ್ದರು. ಗಂಡೋ ಹೆಣ್ಣೋ, ಯಾವ ಊರೋ, ನಮಗೆ ಕೊನೆಗೂ ತಿಳಿಯಲಿಲ್ಲ. ಪುಟ್ಟಮಾದಯ್ಯನವರು ಮಾತ್ರ 'ಶ್ರೀ ಅಥವಾ ಶ್ರೀಮತಿ ಮಲ್ಲಿಗೆ ಏಳು ಇವರಿಗೆ' ಎಂದೇ ಶುರುಮಾಡುತ್ತಿದ್ದರು. ಮಲ್ಲಿಗೆ೭ ಸಂಭಾವಿತರು. ಏಕರೂಪದ ನಮೂನೆ ಒಳ್ಳೆಯದೆಂದರು, ಹೆಸರುಗಳನ್ನು ಒಂದೇ ಮಾಡಲು ಒಪ್ಪಿದರು, ಹನ್ನೊಂದು ಸಾಲನ್ನೂ ಸೇರಿಸಿ ಚೌಕ ಕಟ್ಟಿಕೊಟ್ಟರು. ಪುಟ್ಟಮಾದಯ್ಯನವರು ಅಂದು ನನಗೂ ಪಕ್ಕದ ಅಂಗಡಿಯವರಿಗೂ ಟೀ ಕೊಡಿಸಿದರು. ಎರಡೇ ದಿನ. ಮೂರನೆಯ ದಿನ ಒಂದು ಪಂಚಾಯಿತಿಯ ಪುಟ ತೆರೆದರೆ ಹನ್ನೊಂದರ ಬದಲು ಆರೇ ಸಾಲು ಕಾಣುತ್ತಿದ್ದವು.

"ಐದು ಸಾಲು ಯಾರವ್ವ ಕಿತ್ತೋರು?"

ಯಾರೂ ಕಿತ್ತಿರಲಿಲ್ಲ. ಚೌಕ ಕಟ್ಟಿದ್ದೇ ಹಾಗೆ: ಯಾವ ಸಾಲಿಗೆ ವಿವರ ತುಂಬಿಲ್ಲವೋ ಆ ಸಾಲು ತಾನಾಗಿಯೇ ಮರೆಯಾಗುತ್ತದೆ, ಪುಟ ಚೊಕ್ಕಟವಾಗಿ ಕಾಣಲಿ ಎಂದು. ಇದನ್ನು ವಿವರಿಸಿದ ಮೇಲೆ ಅವರ ಮುಖ ನೋಡಬೇಕಿತ್ತು. ಚುನಾಯಿತ ಸಭೆ ಇಲ್ಲದ ಸರ್ಕಾರದ ಪುಟದಲ್ಲಿ ಸಭೆಯ ಸಾಲೇ ಇಲ್ಲ. ಓದುವವನಿಗೆ ಇಲ್ಲದ್ದು ಗೊತ್ತಾಗುವುದು ಹೇಗೆ? ಅವರು ಮಲ್ಲಿಗೆಯವರಿಗೆ ಪತ್ರದ ಮೇಲೆ ಪತ್ರ ಬರೆಸಿದರು. ಖಾಲಿ ಸಾಲುಗಳು ಪುಟವನ್ನು ಅಂದಗೆಡಿಸುತ್ತವೆ ಎಂದು ಅತ್ತಲಿಂದ ಉತ್ತರ. ಆಮೇಲೆ ಇವರು ಪುಟ ಪುಟಕ್ಕೂ ಹೋಗಿ ಖಾಲಿ ಇದ್ದಲ್ಲೆಲ್ಲ ನನ್ನಿಂದ 'ಇಲ್ಲ' ತುಂಬಿಸಲು ಶುರುಮಾಡಿದರು. ಯಾವುದಕ್ಕೂ ಆಧಾರ ಕೊಡಲಿಲ್ಲವೆಂದು ಬೇರೆ ಯಾರೋ ಬಂದು ಅಳಿಸಿ ಹಾಕುವರು. ಮತ್ತೆ ತುಂಬುವುದು, ಮತ್ತೆ ಅಳಿಸುವುದು. ನನ್ನ ಗಿರಾಕಿಗಳು ಕಾಯುತ್ತ ನಿಲ್ಲುವರು. ಇವರು ನನ್ನ ಬೆನ್ನ ಹಿಂದೆ ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ. ಚಪ್ಪಲಿಯ ಆ ಚಟ್ ಪಟ್ ಸದ್ದು ಕೇಳಿ ಕೇಳಿ ನನಗೆ ಮನೆಗೆ ಹೋದರೂ ಅನ್ನ ಸೇರದಂತಾಗಿತ್ತು.

ಒಂದು ಮಧ್ಯಾಹ್ನ ನನ್ನ ತಾಳ್ಮೆ ಹರಿಯಿತು. ಅಷ್ಟು ಹೊತ್ತು ತುಂಬಿದ್ದನ್ನು ಉಳಿಸುವ ಮೊದಲೇ ಕರೆಂಟು ಹೋಯಿತು. ಅವರು "ಮೊದ್ಲಿಂದ ಮಾಡು" ಎಂದರು.

"ಆಗಲ್ಲ ಸಾರ್! ಸಾಕು ನನಗೆ. ಯಾವುದೋ ದೇಶದಲ್ಲಿ ಸಭೆ ಇಲ್ಲ ಅಂತ ನಮ್ಮ ನಂಜನಗೂಡಲ್ಲಿ ಕೂತು ನಾನ್ಯಾಕೆ ಬರೀಲಿ? ಖಾಲಿ ಇದ್ರೆ ಯಾರ ಗಂಟು ಹೋಗುತ್ತೆ?"

ಚಪ್ಪಲಿಯ ಸದ್ದು ನಿಂತಿತು. ತಿರುಗಿ ನೋಡಿದೆ. ಪುಟ್ಟಮಾದಯ್ಯನವರು ಕುರ್ಚಿಯಲ್ಲಿ ಕೂತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಮ್ಮಕ್ಕಂದು ಓಯ್ತು" ಎಂದರು.

ಆಮೇಲೆ ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತು, ಬೇರೊಂದು ತಾಲೂಕು. ಯಾವುದೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮೇಲಿಂದ ಹೊಸ ನಮೂನೆ ಬಂದಿತ್ತು: ಪ್ರತಿ ಊರಿಗೂ ಬಾವಿ, ಶಾಲೆ, ರಸ್ತೆ ಇದೆಯೇ ಎಂದು ತುಂಬಿ ಕಳಿಸಬೇಕು. ಹಳೆಯ ರಿಜಿಸ್ಟರಿನಿಂದ ಹೊಸದಕ್ಕೆ ಇಳಿಸುವ ಕೆಲಸ ಇವರದು. ಹಳೆಯದರ ಷರಾದಲ್ಲಿ ಅವರಕ್ಕನನ್ನು ಕೊಟ್ಟಿದ್ದ ಹುಂಡಿಯ ಮುಂದೆ ಯಾರೋ ಹಿಂದಿನವರು 'ಬಾವಿ ಇಲ್ಲ' ಎಂದು ಬರೆದಿಟ್ಟಿದ್ದರು. ಹುಂಡಿಯೆಂದರೆ ಹತ್ತಿಪ್ಪತ್ತು ಮನೆಯ ಸಣ್ಣ ಊರು. ಇವರಿಗೆ ಅವಸರ. ಇದ್ದದ್ದಕ್ಕೆ 'ಇದೆ' ಎಂದು ಬರೆದು, ಇಲ್ಲದ್ದಕ್ಕೆಲ್ಲ ಖಾಲಿ ಬಿಟ್ಟು ಕಳಿಸಿಬಿಟ್ಟರು. ಮೇಲಿನವರು ಶುದ್ಧ ಪ್ರತಿ ಮಾಡುವಾಗ, ಮೂರೂ ಕಾಲಂ ಖಾಲಿಯಿದ್ದ ಊರುಗಳನ್ನು ಮಾಹಿತಿ ಬಂದಿಲ್ಲವೆಂದು ಕೈಬಿಟ್ಟರು. ಬಾವಿ ಇಲ್ಲವೆಂದು ಬೇರೆ ಗುಮಾಸ್ತರು ಬರೆದು ಕಳಿಸಿದ್ದ ಊರುಗಳಿಗೆಲ್ಲ ಬೋರು ಬಂತು. ಹುಂಡಿಗೆ ಬರಲಿಲ್ಲ.

"ಪಟ್ಟಿ ವಾಪಸ್ ಬಂದಾಗ ನೋಡ್ದೆ ಕಣವ್ವ. ಅಕ್ಕನ ಊರೇ ಇರ್ಲಿಲ್ಲ. ಸಾಹೇಬ್ರಿಗೆ ಏಳಿದ್ರೆ ಸರಿಯಾಗ್ತಿತ್ತೇನೋ. ಎದ್ರಿಕೆ. ಹೊಸ ಕೆಲ್ಸ. ನಮ್ಮ ಕೇರಿಯಿಂದ ಆಫೀಸಿಗೆ ಓದೋನು ನಾನೊಬ್ನೇ. ತಪ್ಪು ಮಾಡ್ದ ಅಂತ ತೆಗೆದಾಕಿದ್ರೆ? ಬಾಯ್ ಮುಚ್ಕೊಂಡೆ. ನಮ್ಮಕ್ಕ ಹನ್ನೊಂದ್ ವರ್ಷ ನಾಲೆಯಿಂದ ನೀರೊತ್ತವ್ಳೆ. ನಾನು ಬಿಟ್ಟ ಖಾಲಿ ಕಾಲಂನ ತಲೆ ಮೇಲೆ ಒತ್ತವ್ಳೆ ಕಣವ್ವ ಅವ್ಳು. ಕತ್ತು ಓರೆಯಾಯ್ತು. ಇವತ್ತಿಗೂ ಓರೆನೇ."

"ಅಕ್ಕನಿಗೆ ಹೇಳಿದ್ದೀರಾ ಸಾರ್?"

ತಲೆಯಲ್ಲಾಡಿಸಿದರು. "ಒಂದ್ ಸಲ ಕೇಳಿದ್ಲು. ಆಫೀಸಲ್ಲೇ ಇದ್ದೀಯಲ್ಲ ಮಗ, ನಮ್ಮೂರ್ಗೆ ಯಾಕ್ ಬರ್ಲಿಲ್ಲ ಅಂತ. ಸರ್ಕಾರ ಕಣಕ್ಕ, ನಮ್ ಕೈಲೇನಿದೆ ಅಂದ್ಬಿಟ್ಟೆ. ಆಮ್ಯಾಕೆ ಅವ್ಳು ಕೇಳ್ನಿಲ್ಲ. ನಮ್ಮನೆ ಕಡೆ ಬರೋದೂ ನಿಲ್ಲುಸುದ್ಲು. ಬಂದ್ರೂ ಒಂದ್ ಲೋಟ ನೀರು ಕುಡಿಯಲ್ಲ."

ಕರೆಂಟು ಬಂತು. ಕಂಪ್ಯೂಟರುಗಳು ಒಂದೊಂದಾಗಿ ಕಣ್ಣು ಬಿಟ್ಟವು. ನನಗೆ ನನ್ನ ಮಾತಿಗೆ ನಾಚಿಕೆಯಾಗಿತ್ತು. "ಸಾರ್, ನೀವು ಈಗ ಹೇಳಿದ್ದನ್ನೇ ಹಾಕೋಣ. ಮಾನ್ಯರೇ ಬೇಡ, ವಿಷಯ ಬೇಡ" ಎಂದೆ. ಅವರು ಎದ್ದು ನಿಂತರು. ಒಂದು ಸುತ್ತು ಬಾಗಿಲಿಗೆ ಹೋಗಿ ಬಂದರು. "ಬರಿ" ಎಂದರು. ಹೇಳುತ್ತ ಹೋದರು, ನಾನು ಅವರ ಮಾತಿನಲ್ಲೇ ಬರೆದೆ. ಊರಿನ ಹೆಸರಿಲ್ಲ, ಕಚೇರಿಯ ಹೆಸರಿಲ್ಲ. ಕೊನೆಯಲ್ಲಿ ವಿಶ್ವಾಸಿಯೂ ಇಲ್ಲ, ಹುದ್ದೆಯೂ ಇಲ್ಲ, ಬರೀ 'ಪುಟ್ಟಮಾದಯ್ಯ.'

ನಾಲ್ಕು ದಿನ ಉತ್ತರವಿಲ್ಲ. ಆ ನಾಲ್ಕು ದಿನ ಅವರು ಮನುಷ್ಯರಂತಿರಲಿಲ್ಲ. ಬೆಳಿಗ್ಗೆ ಬಂದವರು, ಮಧ್ಯಾಹ್ನ ಬಂದವರು, ಬಸ್ ಸ್ಟ್ಯಾಂಡಿನ ತನಕ ಹೋಗಿ ಮತ್ತೆ ಬಂದವರು. ರಿಜಿಸ್ಟರಿನ ಒಂದು ಪುಟವೆಲ್ಲ ಅವರ ಹೆಸರೇ. ಬಂದ ವೇಳೆ, ಹೋದ ವೇಳೆ, ಸಹಿ, ಷರಾ ಇಲ್ಲ. ಬಂದ ವೇಳೆ, ಹೋದ ವೇಳೆ, ಸಹಿ, ಷರಾ ಇಲ್ಲ.

ಐದನೆಯ ದಿನ ಹನ್ನೊಂದು ಗಂಟೆಗೆ ಮಲ್ಲಿಗೆ೭ ಬರೆದಿದ್ದರು. ನಾನು ಗಟ್ಟಿಯಾಗಿ ಓದಿದೆ: 'ಪುಟ್ಟಮಾದಯ್ಯನವರೇ, ನೀವು ಬರೆದದ್ದನ್ನು ಮೂರು ಸಲ ಓದಿದೆ. ಅಂದದ ಮಾತು ಹಿಂತೆಗೆದುಕೊಂಡಿದ್ದೇನೆ. ಇನ್ನು ಮುಂದೆ ಹನ್ನೊಂದು ಸಾಲೂ ಎಲ್ಲ ಪುಟದಲ್ಲೂ ಕಾಣುತ್ತವೆ. ಒಂದು ಮಾತು ನನ್ನ ಕಡೆಯಿಂದ ಸೇರಿಸಲೇ? ಇಲ್ಲದ್ದು ಬೇರೆ, ನಮಗೆ ಗೊತ್ತಿಲ್ಲದ್ದು ಬೇರೆ. ಆಧಾರ ಸಿಕ್ಕಿದರೆ ಇಲ್ಲ ಎಂದು ಬರೆಯೋಣ. ಸಿಗದಿದ್ದರೆ ಗೊತ್ತಿಲ್ಲ ಎಂದು ಕಾಣಲಿ. ನಿಮ್ಮ ಒಪ್ಪಿಗೆ ಇದೆಯೇ?'

ಪುಟ್ಟಮಾದಯ್ಯನವರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಇನ್ನೊಂದ್ ಸಲ ಓದು" ಎಂದರು. ಓದಿದೆ. "ಎಲಾ ಇವ್ನ! ಇಲ್ಲದ್ದು ಬೇರೆ, ಗೊತ್ತಿಲ್ಲದ್ದು ಬೇರೆ. ನಾನು ಇಷ್ಟು ವರ್ಷ ಸರ್ವೀಸ್ ಮಾಡಿ ಇದು ಒಳೀಲಿಲ್ವಲ್ಲವ್ವ! ಒಪ್ಪಿಗೆ ಅಂತ ಬರಿ. ಬೇಗ ಬರಿ." ನಾನು ಬರೆಯುತ್ತಿರುವಾಗಲೇ ಹಿಂದೆ ಚಪ್ಪಲಿಯ ಸದ್ದು. ಬಾಗಿಲಿಗೆ ಹೋದವರು ಅಲ್ಲೇ ನಿಂತರು.

"ಪ್ರೇಮವ್ವ, ನರಸೀಪುರದ ಮೇಲೆ ಓಗೋ ಬಸ್ಸು ಎಷ್ಟೊತ್ತಿಗೆ?"

"ಈಗೊಂದು ಇರಬೇಕು. ಯಾಕೆ ಸಾರ್?"

"ನಮ್ಮಕ್ಕಂಗೆ ಗೊತ್ತಿಲ್ಲ ಕಣವ್ವ" ಎಂದರು. "ಅವ್ಳಿಗೆ ಗೊತ್ತೇ ಇಲ್ಲ."

ಹೋದರು. ಓಡಿದರು ಎಂದರೂ ಸರಿಯೇ. ಛತ್ರಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. "ಸಾರ್, ಛತ್ರಿ!" ಎಂದು ಕೂಗಿಕೊಂಡು ಬೀದಿಗೆ ಬರುವಷ್ಟರಲ್ಲಿ ಬಸ್ಸಿನ ಬಾಗಿಲಲ್ಲಿ ಆ ಉದ್ದನೆಯ ಬಿಳಿ ಅಂಗಿ ಕಾಣಿಸಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮುಂದಿನದನ್ನು ನನಗೆ ಹೇಳಿದವರು ಅವರ ಅಕ್ಕ. ಹನ್ನೊಂದನೆಯ ದಿನದ ಕಾರ್ಯಕ್ಕೆ ಪುಟ್ಟಮಾದಯ್ಯನವರ ಮನೆಗೆ ಹೋದಾಗ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು, ಕತ್ತು ಒಂದು ಕಡೆಗೆ ವಾಲಿತ್ತು. ನಾನು ಯಾರೆಂದು ತಿಳಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು.

"ಅವತ್ತು ಬಿಸ್ಲಲ್ಲಿ ಬಂದ ಕಣವ್ವ, ತಲೆ ಮ್ಯಾಲೆ ಒಂದ್ ಟವಲ್ಲೂ ಇಲ್ದೆ. ಜಗಲಿ ಮ್ಯಾಲೆ ನಿಂತ್ಕಂಡೇ ಏಳ್ದ. ಖಾಲಿ ಬುಟ್ಬುಟ್ಟೆ ಕಣಕ್ಕ, ಮರ್ತು ಬುಟ್ಟೆ, ಆಮ್ಯಾಕೆ ಎದ್ರುಕಂಡೆ ಅಂದ. ಅಷ್ಟೇಯೇನ್ಲಾ ಅಂದೆ. ಅಷ್ಟೇ ಕಣಕ್ಕ ಅಂದ. ನನಗೆ ನಗ್ಬೇಕೋ ಅಳ್ಬೇಕೋ. ಆ ಸಲ ಬೋರ್ ಬಂದಿದ್ದು ಅವ್ನ ಎಂಡ್ರ ಊರ್ಗೆ ಕಣವ್ವ. ನಮ್ಮೂರ್ದ ಎತ್ತಿ ಎಂಡ್ರ ಊರ್ಗೆ ಕೊಡ್ಸವ್ನೆ ಅಂತ ನಾನು ತಿಳ್ಕಂಡಿದ್ದೆ. ಅದ್ಕೇ ಈ ಮನೇಲಿ ನೀರು ಮುಟ್ಟಿರ್ನಿಲ್ಲ, ಇಷ್ಟು ವರ್ಷ. ಇದನ್ನ ಆಗ್ಲೇ ಏಳಕ್ಕೆ ನಿಂಗೆ ಬಾಯಿರ್ನಿಲ್ವೇನ್ಲಾ ಮುಂಡೇದೆ ಅಂತ ಬೆನ್ನಿಗೆ ಎರಡು ಬುಟ್ಟೆ. ಬುಟ್ಟು ಅತ್ತೆ. ಅವ್ನೂ ಅತ್ತ."

ಅವರಕ್ಕ ಸೆರಗಿನಿಂದ ಮೂಗೊರೆಸಿಕೊಂಡರು. ಪುಟ್ಟಮಾದಯ್ಯನವರು ಅಂದು ಹಿಂದಿರುಗಲಿಲ್ಲವಂತೆ. ಎಲ್ಲೂ ಒಂದು ಗಳಿಗೆ ನಿಲ್ಲದ ಮನುಷ್ಯ ಅಕ್ಕನ ಮನೆಯಲ್ಲಿ ಮೂರು ದಿನ ಉಳಿದರು. ಮುದ್ದೆ ಉಂಡರು, ಊರೆಲ್ಲ ಸುತ್ತಿ ಎಷ್ಟು ಮನೆ, ಎಷ್ಟು ನಲ್ಲಿ, ಪಂಚಾಯಿತಿಯ ಮುಖ್ಯಸ್ಥರು ಯಾರು, ಅಂಗನವಾಡಿ ಇದೆಯೋ ಇಲ್ಲವೋ ಎಂದು ಹಾಳೆಯಲ್ಲಿ ಬರೆದುಕೊಂಡರು. ನಾಲ್ಕನೆಯ ದಿನ ಬೆಳಿಗ್ಗೆ, "ಪ್ರೇಮವ್ವಂಗೆ ಕೊಟ್ಟು ಕಂಪ್ಯೂಟರ್‌ಗೆ ಆಕುಸ್ಬೇಕು ಕಣಕ್ಕ, ಬಸ್ಸಿಗೊತ್ತಾಯ್ತು" ಎಂದು ಚಪ್ಪಲಿ ಮೆಟ್ಟಿದವರು, ಒಂದು ನಿಮಿಷ ಎಂದು ಜಗಲಿಯ ಮೇಲೆ ಕೂತರಂತೆ. ಕೂತವರು ಏಳಲಿಲ್ಲ.

"ಏಳ್ಲಾ ಮಗ, ಬಸ್ಸು ಓಯ್ತದೆ ಅಂತ ಒಳಗಿಂದ ಕೂಗ್ತಾನೇ ಇದ್ದೆ" ಎಂದರು ಅಕ್ಕ. ಊಟಕ್ಕೆ ಎಲೆ ಹಾಕಿದಾಗ ಅವರು ನನ್ನ ಪಕ್ಕದಲ್ಲೇ ಕೂತು, ತಮ್ಮನ ಮನೆಯ ಅನ್ನವನ್ನು ಕಲಸಿ ಕಲಸಿ ಉಂಡರು.

ಪುಟ್ಟಮಾದಯ್ಯನವರು ಬರೆದುಕೊಂಡಿದ್ದ ಹಾಳೆಯನ್ನು ಅವರ ಮಗಳು ನನಗೆ ಕೊಟ್ಟಳು. ಹನ್ನೊಂದು ಸಾಲನ್ನೂ ತುಂಬಿದ್ದರು. ಮಲ್ಲಿಗೆಯವರಿಗೆ ಸುದ್ದಿ ತಿಳಿಸಿ, ಆ ಹುಂಡಿ ಸೇರಿರುವ ಪಂಚಾಯಿತಿಯ ಪುಟಕ್ಕೆ ನಾನೇ ಹಾಕಿದೆ. ಆಮೇಲೆ ಆ ಚೌಕ ಎಷ್ಟು ಸಲ ಬದಲಾಯಿತೋ, ಯಾರು ಯಾರು ಬಂದು ಏನೇನು ಕಿತ್ತರೋ, ಲೆಕ್ಕವಿಟ್ಟವಳಲ್ಲ ನಾನು. ಬ್ರೌಸಿಂಗ್ ಸೆಂಟರೂ ಮುಚ್ಚಿತು. ಛತ್ರಿಯನ್ನು ಅವರ ಮನೆಗೆ ಕೊಟ್ಟೆ. ರೂಲುದೊಣ್ಣೆ ನೀವೇ ಇಟ್ಟುಕೊಳ್ಳಿ ಎಂದರು, ಇಟ್ಟುಕೊಂಡೆ.

ರಿಜಿಸ್ಟರೂ ನನ್ನ ಹತ್ತಿರವೇ ಇದೆ. ಆ ದಿನದ ಸಾಲಿನಲ್ಲಿ ಅವರ ದುಂಡನೆಯ ಅಕ್ಷರದಲ್ಲಿ ಹೆಸರಿದೆ, ವಿಳಾಸವಿದೆ, ಬಂದ ವೇಳೆ ಇದೆ. ಹೋದ ವೇಳೆ ಬರೆದಿಲ್ಲ. ಸಹಿಯಿಲ್ಲ. ಷರಾದಲ್ಲಿ 'ಇಲ್ಲ' ಕೂಡ ಇಲ್ಲ. ಜಗತ್ತಿನವರನ್ನೆಲ್ಲ ಬೀದಿಯ ತನಕ ಅಟ್ಟಿಸಿಕೊಂಡು ಹೋಗಿ ಬರೆಸುತ್ತಿದ್ದವರು ತಾವು ಮಾತ್ರ ಮೂರು ಕಾಲಂ ಖಾಲಿ ಬಿಟ್ಟು ಹೋಗಿದ್ದಾರೆ. ಅವರ ಶಿಷ್ಯೆಯಾಗಿ ನಾನು ಅದನ್ನು ತುಂಬಬೇಕು. ಎರಡು ಮೂರು ಸಲ ಪೆನ್ನು ತೆಗೆದದ್ದೂ ಉಂಟು. ಆದರೆ ಅವರ ಹೆಸರಿನ ಮುಂದೆ 'ಇಲ್ಲ' ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಖಾಲಿಯೇ ಇರಲಿ. ಬೇಕಾದರೆ ಬಂದು ಬೈಯಲಿ.